ಏಳನೇ ನಂಬರಿನ ಮೊಟ್ಟೆ

ಕೋಳಿಮರಿಗೆ ದೇವರು ಇಪ್ಪತ್ತೊಂದು ದಿನ ಕೊಟ್ಟಿದ್ದಾನೆ, ಬಾತಿನ ಮರಿಗೆ ಇಪ್ಪತ್ತೆಂಟು. ಅರಮನೆಯ ಕೋಳಿಯಾದರೂ ಅಷ್ಟೆ, ಬೀದಿಯ ಕೋಳಿಯಾದರೂ ಅಷ್ಟೆ. ಇದರಲ್ಲಿ ಯಾರ ವಶೀಲಿಯೂ ನಡೆಯುವುದಿಲ್ಲ. ನಲವತ್ತು ವರ್ಷದಿಂದ ಊರಿನವರ ಮೊಟ್ಟೆಗಳಿಗೆ ಕಾವು ಕೊಟ್ಟು ಮರಿ ಮಾಡಿಸುತ್ತ ಬಂದಿದ್ದ ಅಜ್ಜಿ ದೇವರ ಬಗ್ಗೆ ಗಟ್ಟಿಯಾಗಿ ತಿಳಿದುಕೊಂಡಿದ್ದು ಇದೊಂದನ್ನೇ. ಉಳಿದದ್ದನ್ನೆಲ್ಲ ಅವನಿಗೇ ಬಿಟ್ಟಿದ್ದೇನೆ ಎನ್ನುತ್ತಿದ್ದಳು.

ಅವಳ ಮೊಮ್ಮಗಳು ಮಾತ್ರ ಯಾವುದಕ್ಕೂ ಇಪ್ಪತ್ತೊಂದರವರೆಗೆ ಎಣಿಸಿದವಳಲ್ಲ. ಸೂಲಗಿತ್ತಿ ಇನ್ನೂ ಬೀದಿಯ ತಿರುವಿನಲ್ಲಿ ಚಪ್ಪಲಿ ಸರಿಮಾಡಿಕೊಳ್ಳುತ್ತಿದ್ದಾಗಲೇ ಹುಟ್ಟಿಬಿಟ್ಟ ಕೂಸು ಅದು. ಅಂದೇ ಅಜ್ಜಿ ಅವಳನ್ನು ಗಡಿಬಿಡಿ ಎಂದು ಕರೆದಳು, ಹದಿನಾರು ವರ್ಷವಾದರೂ ಆ ಹೆಸರು ಬಿಡಲಿಲ್ಲ. ಶಾಲೆಯ ಹಾಜರಿ ಪುಸ್ತಕದಲ್ಲಿ ಬೇರೊಂದು ಹೆಸರಿತ್ತಂತೆ, ಅದು ಮೇಷ್ಟರಿಗೆ ಮಾತ್ರ ಗೊತ್ತು. ಗಡಿಬಿಡಿ ಪ್ರಶ್ನೆಯನ್ನು ಅರ್ಧ ಓದಿ ಉತ್ತರ ಬರೆಯುವವಳು. ಬಿಸಿ ಹಾಲು ಆರುವ ಮೊದಲೇ ಗುಟುಕರಿಸಿ ದಿನಾ ನಾಲಿಗೆ ಸುಟ್ಟುಕೊಳ್ಳುವವಳು. ಬುದ್ಧಿಯಿಲ್ಲವೆಂದಲ್ಲ, ಬುದ್ಧಿ ಬರುವಷ್ಟರಲ್ಲಿ ಕೈ ಕೆಲಸ ಮುಗಿಸಿಬಿಟ್ಟಿರುತ್ತಿತ್ತು.

ಅವಳ ಅಪ್ಪ ಅಮ್ಮ ದೂರದೂರಿಗೆ ಹೋಗುವ ಒಂದೇ ಬಸ್ಸಿನಲ್ಲಿ ಕೆಲಸ ಮಾಡುತ್ತಿದ್ದರು. ಅಪ್ಪ ಡ್ರೈವರ್, ಅಮ್ಮ ಕಂಡಕ್ಟರ್. ಮೂರು ದಿನಕ್ಕೊಮ್ಮೆ ಮನೆಗೆ ಬರುತ್ತಿದ್ದರು. ಅಜ್ಜಿ ಮೊಮ್ಮಗಳ ತಲೆ ಬಾಚುತ್ತ, "ನಿಮ್ಮಪ್ಪಂಗೆ ಬ್ರೇಕು ಹಾಕೋದು ಗೊತ್ತು, ನಿಮ್ಮಮ್ಮಂಗೆ ವಿಸಿಲ್ ಊದೋದು ಗೊತ್ತು. ನಿಂಗೆ ಎರಡರಲ್ಲಿ ಒಂದಾದ್ರೂ ಬರಬಾರದಿತ್ತೇನೇ?" ಎಂದು ಕೇಳುತ್ತಿದ್ದಳು. ಗಡಿಬಿಡಿ ಜಡೆ ಮುಗಿಯುವ ಮೊದಲೇ ಎದ್ದು ಓಡುತ್ತಿದ್ದಳು.

ಆ ವರ್ಷ ಅವಳ ಮೊಬೈಲಿಗೆ ಒಂದು ಚಕ್ರದ ಆಟ ಬಂದಿತ್ತು. ಬೆರಳಲ್ಲಿ ತಳ್ಳಿದರೆ ಬಣ್ಣದ ಚಕ್ರ ಗಿರ್ರನೆ ತಿರುಗಿ, ನಿಧಾನವಾಗಿ, ಇನ್ನೇನು ಗೆಲುವಿನ ಮನೆಯಲ್ಲಿ ನಿಂತಿತು ಅನ್ನುವಾಗ ಒಂದು ಕೂದಲೆಳೆಯಷ್ಟು ಆಚೆಗೆ ಸರಿಯುತ್ತಿತ್ತು. ಆ ಕೂದಲೆಳೆಯೇ ಅವಳನ್ನು ಹಿಡಿದದ್ದು. ಸೋತೆ ಅಂತ ಅನ್ನಿಸುತ್ತಲೇ ಇರಲಿಲ್ಲ, ಇನ್ನೇನು ಗೆಲ್ಲುತ್ತಿದ್ದೆ ಅಂತ ಅನ್ನಿಸುತ್ತಿತ್ತು. ಒಂದು ಮಧ್ಯಾಹ್ನ ಪರೀಕ್ಷೆಯ ಫೀಸು ಪೂರ್ತಿ ಆ ಚಕ್ರದೊಳಗೆ ಹೋಯಿತು. ಅಪ್ಪ ಬೈದ, ಅಮ್ಮ ಅತ್ತಳು, ಮೊಬೈಲು ಕಪಾಟು ಸೇರಿ ಬೀಗ ಬಿತ್ತು. ಗಡಿಬಿಡಿ ಅಜ್ಜಿಯ ಕೈ ಹಿಡಿದು, ಇನ್ನೆಂದೂ ಆಡುವುದಿಲ್ಲ ಎಂದು ಆಣೆ ಮಾಡಿದಳು. ಆ ಹೊತ್ತಿಗೆ ಅದು ನಿಜವಾದ ಆಣೆಯೇ ಆಗಿತ್ತು.

ಅಜ್ಜಿ ಮಾತ್ರ ಬೈಯಲಿಲ್ಲ. ಮರುದಿನ ಮೊಮ್ಮಗಳನ್ನು ಮರಿಕೋಣೆಗೆ ಕರೆದುಕೊಂಡು ಹೋದಳು.

ಮರಿಕೋಣೆ ಅಂದರೆ ಮನೆಯ ಹಿಂಭಾಗದ ಒಂದು ಸಣ್ಣ ಕೋಣೆ. ಗೋಡೆಗೆ ಒತ್ತಿಕೊಂಡು ಬಟ್ಟೆ ಬೀರುವಿನಷ್ಟು ದೊಡ್ಡದಾದ ಒಂದು ಮರದ ಕಾವು ಪೆಟ್ಟಿಗೆ, ಕಿಟಕಿಯ ಬಳಿ ಮೇಜಿನ ಮೇಲೆ ಗಾಜಿನ ಬಾಗಿಲಿನ ಇನ್ನೊಂದು ಚಿಕ್ಕ ಪೆಟ್ಟಿಗೆ. ಒಳಗೆ ತಂತಿ ಕಾಯುತ್ತ ಸದಾ ಒಂದು ಗುಂಯ್ ಸದ್ದು. ತಟ್ಟೆಯಲ್ಲಿ ನೀರು. ಹೊಟ್ಟು, ಬಿಸಿ ಮರ, ಹಳೆಯ ಗರಿ ಎಲ್ಲ ಸೇರಿದ ಒಣ ವಾಸನೆ. ಪ್ರತಿ ಮೊಟ್ಟೆಯ ಮೇಲೂ ಪೆನ್ಸಿಲಿನಲ್ಲಿ ಒಂದು ನಂಬರು. ಒಂದು ಮಗ್ಗುಲಿಗೆ ಗುಣಾಕಾರದ ಗುರುತು, ಇನ್ನೊಂದು ಮಗ್ಗುಲಿಗೆ ಸೊನ್ನೆ. ದಿನಕ್ಕೆ ಮೂರು ಸಲ ಮಗ್ಗುಲು ಬದಲಿಸಬೇಕು. ಹದಿನೆಂಟನೆಯ ದಿನ ಆ ಕೆಲಸ ನಿಲ್ಲಿಸಿ ಬಾಗಿಲು ಹಾಕಿದರೆ ಆಮೇಲೆ ತೆರೆಯಕೂಡದು. ಒಳಗಿನ ಜೀವ ತನ್ನ ದಾರಿಯನ್ನು ತಾನೇ ಒಡೆದುಕೊಂಡು ಬರಬೇಕು.

"ನನ್ನ ಕಣ್ಣಿಗೆ ಪೊರೆ ಬಂದಿದೆ ಕಣೇ" ಎಂದಳು ಅಜ್ಜಿ. "ಥರ್ಮಾಮೀಟರಿನ ಗೆರೆ ಕಾಣಲ್ಲ. ಭೂತಗನ್ನಡಿ ಹಿಡಿದ್ರೂ ಒಂದು ಎರಡಾಗಿ ಕಾಣುತ್ತೆ. ಇವತ್ತಿಂದ ನೀನು ನೋಡಿ ಹೇಳಬೇಕು. ಮೂವತ್ತೇಳೂವರೆ ಇರಬೇಕು, ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ."

"ನಾನಾ? ಎಲ್ಲ ಬಿಟ್ಟು ನಾನಾ ಅಜ್ಜಿ?"

"ಇನ್ಯಾರು, ಬೆಕ್ಕನ್ನ ಕೇಳಲಾ?"

ಹಾಗೆ ಶುರುವಾಯಿತು. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಅಜ್ಜಿ ಒಳಗಿನಿಂದ ಕೂಗುವಳು: "ಎಷ್ಟಿದೆ ನೋಡೇ?" ಗಡಿಬಿಡಿ ಬಗ್ಗಿ ನೋಡಿ ಹೇಳುವಳು: "ಮೂವತ್ತೇಳೂವರೆ ಅಜ್ಜಿ!" ಅಜ್ಜಿ ಮತ್ತೆ ನೋಡುತ್ತಿರಲಿಲ್ಲ. ಮನೆಯಲ್ಲಿ ಎಲ್ಲರೂ ಅವಳ ಚೀಲ ತಡವಿ ನೋಡುತ್ತಿದ್ದ ಆ ದಿನಗಳಲ್ಲಿ, ಅವಳ ಮಾತನ್ನು ಹಾಗೆಯೇ ನಂಬುತ್ತಿದ್ದ ಜಾಗ ಅದೊಂದೇ. ಅದು ಅವಳಿಗೂ ಗೊತ್ತಿತ್ತು. ಆ ಕೋಣೆಗೆ ಅವಳು ಓಡದೆ ನಡೆದು ಹೋಗುತ್ತಿದ್ದಳು.

ಆದರೆ ಮೊಬೈಲಿಗೆ ಬೀಗ ಹಾಕಬಹುದು, ಆಡಬೇಕೆನ್ನುವ ನವೆಗೆ ಬೀಗ ಹಾಕುವುದು ಹೇಗೆ? ಶಾಲೆಯ ದಾರಿಯಲ್ಲಿ ಹೋಗುವ ಕಾರಿನ ಕೊನೆಯ ಅಂಕಿ ಸರಿಯೋ ಬೆಸವೋ, ತಂತಿಯ ಮೇಲೆ ಕುಳಿತ ಎರಡು ಕಾಗೆಗಳಲ್ಲಿ ಮೊದಲು ಹಾರುವುದು ಯಾವುದು, ಮೇಷ್ಟರು ಮೊದಲು ಕೆಮ್ಮುತ್ತಾರೋ ಕನ್ನಡಕ ಒರೆಸುತ್ತಾರೋ, ಎಲ್ಲದಕ್ಕೂ ಪಂದ್ಯ. ತರಗತಿಯಲ್ಲಿ ದಪ್ಪ ಕನ್ನಡಕದ ಹುಡುಗನೊಬ್ಬನಿದ್ದ. ಎಲ್ಲರೂ ಪಣ ಇಟ್ಟ ವಸ್ತುಗಳು ಅವನ ಚೀಲದಲ್ಲೇ ಇರುತ್ತಿದ್ದುದರಿಂದ ಅವನಿಗೆ ಬ್ಯಾಂಕು ಎಂದು ಹೆಸರು ಬಿದ್ದಿತ್ತು. ಗಡಿಬಿಡಿಯ ಕಂಪಾಸು ಪೆಟ್ಟಿಗೆ, ಕೊಡೆ, ಆಟದ ಬೂಟು ಒಂದೊಂದಾಗಿ ಬ್ಯಾಂಕಿಗೆ ಹೋದವು. ಬರಿಗಾಲಲ್ಲಿ ಮನೆಗೆ ಬಂದ ದಿನ, "ಬೂಟು ಕಚ್ತಿತ್ತು ಅಜ್ಜಿ" ಎಂದಳು. "ಕಚ್ಚೋ ಬೂಟಿಗೆ ಸರಪಳಿ ಹಾಕಬೇಕಿತ್ತು" ಎಂದು ಅಜ್ಜಿ ನಕ್ಕಳು. ನಗುತ್ತ ಒಂದು ಗಳಿಗೆ ಮೊಮ್ಮಗಳ ಮುಖವನ್ನೇ ನೋಡಿದಳು.

ಕೊನೆಗೆ ಹೋದದ್ದು ಅಮ್ಮನ ವಿಸಿಲ್. ಅಮ್ಮ ಕೆಲಸಕ್ಕೆ ಸೇರಿದ ಮೊದಲ ದಿನ ಸಿಕ್ಕಿದ್ದ ಹಿತ್ತಾಳೆಯ ವಿಸಿಲ್ ಅದು. ಈಗ ಬಸ್ಸಿನಲ್ಲಿ ಬೇರೆಯದು ಊದುತ್ತಿದ್ದರೂ, ಮನೆಗೆ ಬಂದಾಗಲೆಲ್ಲ ಕನ್ನಡಿಯ ಮೊಳೆಗೆ ತೂಗಿದ ಇದನ್ನು ಒರೆಸಿ ಮತ್ತೆ ತೂಗುತ್ತಿದ್ದಳು. ಸರಿಯೋ ಬೆಸವೋ ಎಂಬ ಆಟದಲ್ಲಿ ಗಡಿಬಿಡಿ ಅದನ್ನು ಸೋತಳು. ಜೇಬಿಗೆ ಹಾಕಿಕೊಂಡಾಗ ಪಣ ಇಡುವ ಯೋಚನೆಯೇ ಇರಲಿಲ್ಲ, ಸುಮ್ಮನೆ ಗೆಳತಿಯರಿಗೆ ತೋರಿಸೋಣ ಎಂದುಕೊಂಡಿದ್ದಳು. ಕೈ ಯಾವಾಗ ಜೇಬಿನಿಂದ ಹೊರಗೆ ಬಂತೋ ಅವಳಿಗೇ ತಿಳಿಯಲಿಲ್ಲ. ಅಮ್ಮ ಬರುವುದು ಶನಿವಾರ ಸಂಜೆ. ಅಷ್ಟರೊಳಗೆ ಅದು ಮೊಳೆಗೆ ಮರಳಬೇಕು. ಅವಳ ತಲೆಯಲ್ಲಿ ಬೇರೇನೂ ಉಳಿಯಲಿಲ್ಲ.

"ವಾಪಸ್ ಕೊಡೋ, ಅದು ನಮ್ಮಮ್ಮಂದು" ಎಂದು ಬೇಡಿದಳು.

"ಬ್ಯಾಂಕು ಸುಮ್ನೆ ಕೊಡಲ್ಲ. ಗೆದ್ದು ತಗೋ." ಬ್ಯಾಂಕು ಕನ್ನಡಕ ಮೇಲೇರಿಸಿದ. "ನಿಮ್ಮನೇಲಿ ಮೊಟ್ಟೆ ಇಟ್ಟಿದೀರಲ್ಲ, ಅದರ ಮೇಲೆ ಆಡೋಣ. ಒಬ್ಬೊಬ್ಬರು ಒಂದೊಂದು ನಂಬರು ಹಿಡಿಯೋದು. ಯಾವುದರ ಮರಿ ಮೊದಲು ಹೊರಗೆ ಬರುತ್ತೋ ಅವರಿಗೆ ಚೀಲದಲ್ಲಿರೋದೆಲ್ಲ."

"ಯಾವುದು ಮೊದಲು ಅಂತ ನಿಮಗೆ ಹೇಗೆ ಗೊತ್ತಾಗುತ್ತೆ?"

"ಶನಿವಾರ ಶಾಲೆ ಬಿಟ್ಟ ಕೂಡಲೇ ಬಂದು ಕಿಟಕಿಯಿಂದ ನೋಡ್ತೀವಿ. ಎರಡು ಬಂದಿದ್ರೆ, ಮೈ ಒಣಗಿರೋದು ಮೊದಲು ಬಂದದ್ದು. ನೀನು ಏನಿಡ್ತೀಯ?"

ಇಡಲು ಏನೂ ಉಳಿದಿರಲಿಲ್ಲ. "ಸೈಕಲ್ಲು" ಎಂದಳು ಗಡಿಬಿಡಿ. "ಏಳು ನಂಬರು ನಂದು."

ಕಿಟಕಿಯ ಬಳಿಯ ಚಿಕ್ಕ ಪೆಟ್ಟಿಗೆಯಲ್ಲಿದ್ದ ಆ ಹನ್ನೆರಡು ಮೊಟ್ಟೆ ಪಕ್ಕದ ಬೀದಿಯ ದರ್ಜಿಯವರದು. ಅವರ ಹಿತ್ತಲಲ್ಲಿ ಕೋಳಿಗಳಿಗೆ ರೋಗ ಬಂದು ಒಂದು ವಾರದಲ್ಲಿ ಎಲ್ಲ ಹೋಗಿದ್ದವು. ಉಳಿದದ್ದು ಬೋಳು ಕತ್ತಿನ ಒಂದೇ ಹೇಂಟೆ. ಅದರ ಠೀವಿ ನೋಡಿ ದರ್ಜಿ ಅದನ್ನು ದೊರೆಸಾನಿ ಎನ್ನುತ್ತಿದ್ದರು. ಹುಂಜ ಸತ್ತು ಮೂರು ದಿನದೊಳಗೆ, ಆ ಮೊದಲಿನಿಂದ ಕೂಡಿಟ್ಟಿದ್ದನ್ನೂ ಸೇರಿಸಿ ಹನ್ನೆರಡು ಮೊಟ್ಟೆಗಳನ್ನು ಹೊಲಿಗೆಯ ಚಿಂದಿಯಲ್ಲಿ ಸುತ್ತಿ ತಂದು, "ಅಮ್ಮಾ, ಇದು ಆ ತಳಿಯ ಕೊನೇದು. ಇನ್ನು ಇಟ್ಟರೂ ಹುಂಜ ಇಲ್ಲ. ಒಂದು ಗಂಡುಮರಿಯಾದ್ರೂ ಬರಲಿ ಅಂತ ಬೇಡಿಕೊಳ್ಳಿ" ಎಂದು ಅಜ್ಜಿಯ ಕೈಗೆ ಕೊಟ್ಟಿದ್ದರು. ಅಜ್ಜಿ ಒಂದೊಂದನ್ನೂ ಕೆನ್ನೆಗೆ ಒತ್ತಿ ನೋಡಿ ಪೆಟ್ಟಿಗೆಗೆ ಇಟ್ಟಿದ್ದಳು. ಇದು ಗಡಿಬಿಡಿಗೆ ಗೊತ್ತಿರಲಿಲ್ಲವೆಂದಲ್ಲ. ಸೈಕಲ್ಲು ಎಂದ ಗಳಿಗೆಯಲ್ಲಿ ಅದು ನೆನಪಿಗೆ ಬರಲಿಲ್ಲ, ಅಷ್ಟೆ.

ಬುಧವಾರ ಹದಿನೆಂಟನೆಯ ದಿನ. ಅಜ್ಜಿ ಕೊನೆಯ ಸಲ ಮೊಟ್ಟೆಗಳನ್ನು ದೀಪಕ್ಕೆ ಹಿಡಿಸಿದಳು. ಕತ್ತಲ ಕೋಣೆಯಲ್ಲಿ ರಟ್ಟಿನ ಕೊಳವೆಯ ಬಾಯಿಗೆ ಇಟ್ಟ ಮೊಟ್ಟೆ ಕೆಂಪಗೆ ಬೆಳಗಿತು, ಒಳಗೆ ಒಂದು ನೆರಳು ಕಾಲು ಝಾಡಿಸಿತು.

"ಆಡ್ತಾ ಇದೆಯಾ?"

"ಆಡ್ತಾ ಇದೆ ಅಜ್ಜಿ. ಹನ್ನೆರಡೂ."

ಅಜ್ಜಿ ಕಣ್ಣು ಮುಚ್ಚಿ ಕೈ ಮುಗಿದು, "ಇನ್ನು ನಿಂದು" ಎಂದು ಮೇಲಿನವನಿಗೆ ಹೇಳಿದಳು. ಮೊಮ್ಮಗಳಿಗೆ, "ಹುಷಾರಾಗಿ ಜೋಡಿಸು. ಬಾಗಿಲು ಹಾಕಿದ್ರೆ ಮುಗೀತು" ಎಂದಳು. ಗಡಿಬಿಡಿ ಜೋಡಿಸಿದಳು. ಏಳನೆಯದನ್ನು ಕಾಯುವ ತಂತಿಗೆ ಹತ್ತಿರದ ಮೂಲೆಯಲ್ಲಿ ಇಟ್ಟಳು. ಅದರ ಪಕ್ಕಕ್ಕೆ ಬಂದದ್ದು ಮೂರು. ಅಷ್ಟು ಮಾಡಿದರೆ ಯಾರಿಗೇನು ನಷ್ಟ ಎಂದುಕೊಂಡಳು.

ಗುರುವಾರ ಬೆಳಿಗ್ಗೆ ಅಷ್ಟು ಸಾಲದು ಅನ್ನಿಸಿತು. ಪೆಟ್ಟಿಗೆಯ ಬೆನ್ನಿಗೆ ಬಿಸಿ ಹೆಚ್ಚು ಕಡಿಮೆ ಮಾಡುವ ಒಂದು ಸಣ್ಣ ತಿರುಪು ಇತ್ತು. ಕಾವು ಹೆಚ್ಚಾದರೆ ಬೇಗ ಬಲಿಯುತ್ತದೆ, ಮೂಲೆಯಲ್ಲಿರುವುದು ಎಲ್ಲಕ್ಕಿಂತ ಬೇಗ. ಒಂದು ಚೂರು ತಿರುಗಿಸಿದಳು. ಇನ್ನೊಂದು ಚೂರು. ಚಕ್ರ ತಳ್ಳುವಾಗ ಬೆರಳ ತುದಿಯಲ್ಲಿ ಆಗುತ್ತಿದ್ದ ಅದೇ ಬೆಚ್ಚನೆಯ ಜುಮ್ಮು ಈಗಲೂ ಆಯಿತು.

ಸ್ವಲ್ಪ ಹೊತ್ತಿನ ಮೇಲೆ ಒಳಗಿನಿಂದ ಅಜ್ಜಿ ಕೂಗಿದಳು: "ಎಷ್ಟಿದೆ ನೋಡೇ?"

ಗಾಜಿನ ಹಿಂದೆ ಪಾದರಸ ಮೂವತ್ತೊಂಬತ್ತೂವರೆ ಮುಟ್ಟಿತ್ತು.

"ಮೂವತ್ತೇಳೂವರೆ ಅಜ್ಜಿ."

"ಸರಿ ಮಗಾ."

ಆ 'ಸರಿ ಮಗಾ' ಅವಳ ಬೆನ್ನಿನ ಮೇಲೆ ತಣ್ಣಗಿನ ಕೈಯಿಟ್ಟ ಹಾಗಾಯಿತು. ಆದರೂ ತಿರುಪಿಗೆ ಕೈ ಹೋಗಲಿಲ್ಲ. ಶುಕ್ರವಾರ ಮೂರು ಸಲವೂ ಅದೇ ಸುಳ್ಳನ್ನು ಹೇಳಿದಳು. ಮೊದಲನೆಯದು ಹೇಳುವಾಗ ಗಾಜಿನಿಂದ ಮುಖ ತಿರುಗಿಸಿಕೊಂಡಿದ್ದಳು, ಮೂರನೆಯದು ಸಲೀಸಾಗಿ ಬಂತು. ಅದೇ ಅವಳಿಗೆ ಹೆಚ್ಚು ಹೆದರಿಕೆ ಹುಟ್ಟಿಸಿತು.

ಶನಿವಾರ ಹೊಟ್ಟೆನೋವು ಎಂದು ಶಾಲೆಗೆ ಹೋಗಲಿಲ್ಲ. ಅಜ್ಜಿ ಅಂಗಳದಲ್ಲಿ ಹೊಟ್ಟು ಜರಡಿ ಹಿಡಿಯುತ್ತಿದ್ದಳು. ಗಡಿಬಿಡಿ ಮರಿಕೋಣೆಯಲ್ಲಿ ಗಾಜಿಗೆ ಮೂಗು ಒತ್ತಿಕೊಂಡು ಕುಳಿತಿದ್ದಳು. ಮೂರನೆಯ ಮೊಟ್ಟೆಯ ಮೇಲೆ ಆಗಲೇ ಸುತ್ತಲೂ ಬಿರುಕು ಬಿದ್ದು, ಒಳಗಿನಿಂದ ಚಿಂವ್ ಚಿಂವ್ ಎಂಬ ಸದ್ದು, ನಡುನಡುವೆ ಒಂದು ಕೊಕ್ಕಿನ ತುದಿ. ಏಳರ ಮೇಲೆ ನಕ್ಷತ್ರದಂಥ ಒಂದೇ ಒಂದು ಸಣ್ಣ ಒಡಕು. ಅದು ಅಲ್ಲಿಗೇ ನಿಂತಿತ್ತು. ಹನ್ನೊಂದು ಗಂಟೆಯಿಂದ ನಿಂತಿತ್ತು.

"ಬಾರೋ" ಎಂದು ಪಿಸುಗುಟ್ಟಿದಳು. "ಬಾರೋ ನನ್ನಪ್ಪಾ, ಒಂದೇ ಒಂದು ಸಲ."

ಹನ್ನೊಂದೂವರೆ. ಮೂರು ಅಲುಗಾಡಿತು, ಚಿಪ್ಪಿನ ಮುಚ್ಚಳ ಎದ್ದಿತು. ಇನ್ನೊಂದು ಒದೆತ ಸಾಕು. ಕೂದಲೆಳೆ! ಗಡಿಬಿಡಿ ಪೆಟ್ಟಿಗೆಯ ಬಾಗಿಲು ತೆರೆದಳು. ಒಳಗಿನ ತೇವದ ಉಸಿರು ಅವಳ ಮುಖಕ್ಕೆ ಬಡಿದು ಕೋಣೆಯಲ್ಲಿ ಕರಗಿಹೋಯಿತು. ಏಳನ್ನು ಕೈಗೆತ್ತಿಕೊಂಡು, ನಕ್ಷತ್ರದ ಅಂಚಿಗೆ ಉಗುರು ಹಾಕಿ, ಒಂದು ಚೂರು ಚಿಪ್ಪು ತೆಗೆದಳು. ಇನ್ನೊಂದು ಚೂರು. ಒಳಗೆ ಕಾಗದದಂಥ ಬಿಳಿ ಪೊರೆ, ಅದರ ಹಿಂದೆ ಉಸಿರಾಡುವ ಏನೋ. ಪೊರೆಯನ್ನೂ ಎಳೆದಳು.

ರಕ್ತ ಬಂತು. ಹೆಚ್ಚೇನಲ್ಲ, ಕೆಂಪು ದಾರದ ಒಂದು ಎಳೆ. ಅದು ಪೊರೆಯ ಮೇಲೆ ಮರದ ಕೊಂಬೆಯ ಹಾಗೆ ಕವಲೊಡೆದು ಅವಳ ಹೆಬ್ಬೆರಳಿಗೆ ಹತ್ತಿತು. ಆ ಕೊಂಬೆಯಲ್ಲಿ ಇನ್ನೂ ಜೀವ ಹರಿಯುತ್ತಿತ್ತು. ಅದು ಪೂರ್ತಿ ಮರಿಯೊಳಗೆ ಸೇರಿದ ಮೇಲೆಯೇ ಮರಿ ಹೊರಗೆ ಬರುವುದೆಂದು ಅಜ್ಜಿ ನೂರು ಸಲ ಹೇಳಿದ್ದಳು. ಆದ್ದರಿಂದಲೇ ಅದು ಒಡಕು ಮಾಡಿ, ನಿಂತು, ಸುಧಾರಿಸಿಕೊಳ್ಳುವುದು. ಅದು ಸೋತು ನಿಂತಿರಲಿಲ್ಲ, ಕಾಯುತ್ತಿತ್ತು.

ಮರಿ ಅವಳ ಅಂಗೈಯಲ್ಲಿ ಒಮ್ಮೆ ಬಾಯಿ ತೆರೆಯಿತು. ಸದ್ದು ಬರಲಿಲ್ಲ.

"ಏಳು! ಗಡಿಬಿಡಿ, ಏಳು ಕಣೇ!" ಕಿಟಕಿಯ ಸರಳಿನ ಆಚೆ ಬ್ಯಾಂಕು, ಅವನ ಹಿಂದೆ ಇನ್ನಿಬ್ಬರು. ಮೇಷ್ಟರು ಬೇಗ ಬಿಟ್ಟಿದ್ದರೋ ಏನೋ. "ಗೆದ್ದುಬಿಟ್ಟೆಯಲ್ಲೇ! ತಗೋ ನಿಮ್ಮಮ್ಮನ..." ಎಂದು ವಿಸಿಲನ್ನು ಸರಳಿನೊಳಗೆ ತೂರಿಸಿದವನು ಅವಳ ಕೈ ನೋಡಿ ನಿಂತುಬಿಟ್ಟ. "ಅದು... ಅದಕ್ಕೆ ರಕ್ತ ಬರ್ತಾ ಇದೆ ಅಲ್ವಾ?"

ಗೆದ್ದೆ ಅನ್ನಬಹುದಿತ್ತು, ತಾನಾಗಿಯೇ ಬಂತು ಅನ್ನಬಹುದಿತ್ತು. ವಿಸಿಲ್ ಒಂದು ಗೇಣು ದೂರದಲ್ಲಿ ತೂಗುತ್ತಿತ್ತು. ಗಡಿಬಿಡಿಯ ಎರಡು ಕೈಯೂ ತುಂಬಿದ್ದವು. ಜೀವಮಾನದಲ್ಲಿ ಮೊದಲ ಸಲ ಅವಳ ಕೈ ಅಲುಗಾಡದೆ ನಿಂತಿತ್ತು, ಅಲುಗಾಡಿದರೆ ಏನಾಗುತ್ತದೋ ಎಂಬ ಭಯದಲ್ಲಿ.

"ಅಜ್ಜೀ" ಎಂದು ಕೂಗಿದಳು. "ಅಜ್ಜೀ, ಬೇಗ ಬಾ! ನಾನು ಸುಳ್ಳು ಹೇಳಿದೆ!"

ಅಜ್ಜಿ ಜರಡಿ ಬಿಟ್ಟು ಬಂದಳು. ಬಾಗಿಲಲ್ಲಿ ನಿಂತ ಅವಳಿಗೆ ಗಡಿಬಿಡಿ ಒಂದೇ ಉಸಿರಿನಲ್ಲಿ ಎಲ್ಲ ಹೇಳಿದಳು. ಪಂದ್ಯ, ವಿಸಿಲ್, ತಿರುಪು, ಗುರುವಾರದಿಂದ ಹೇಳಿದ ಸುಳ್ಳುಗಳು. ಅಜ್ಜಿ ಕೇಳಿದಳು. ಮುಖದಲ್ಲಿ ಏನೂ ಕಾಣಲಿಲ್ಲ. ಕೊನೆಗೆ ಅವಳು ಕೇಳಿದ್ದು ಒಂದೇ ಮಾತು.

"ಈಗ ಎಷ್ಟಿದೆ?"

"ಮೂವತ್ತೊಂಬತ್ತು. ಬಾಗಿಲು ತೆಗೆದೆ, ಅದಕ್ಕೆ ಅರ್ಧ ಇಳಿದಿದೆ."

"ತಿರುಪು ಹಿಂದಕ್ಕೆ ತಿರುಗಿಸು. ನಿಧಾನ. ಒಲೆ ಮೇಲಿಂದ ಬೆಚ್ಚಗಿನ ನೀರು ತಾ, ಮೆತ್ತನೆ ಬಟ್ಟೆ ತಾ." ಆಮೇಲೆ ಕಿಟಕಿಯತ್ತ ತಿರುಗಿದಳು. "ನೀವು ಮೂವರೂ ಅಲ್ಲೇ ನಿಂತಿದೀರಲ್ಲ, ಪಂದ್ಯ ಅರ್ಧಕ್ಕೆ ಬಿಟ್ಟು ಹೋಗಬೇಡಿ. ಒಳಗೆ ಬಂದು ಬಟ್ಟೆ ಹಿಂಡಿ."

ಮೂವರೂ ಬಂದರು. ಬ್ಯಾಂಕು ತೋಳು ಮಡಿಸಿ ಬಟ್ಟೆ ಹಿಂಡಿದ, ಅವನ ಕನ್ನಡಕಕ್ಕೆ ಹಬೆ ಹಿಡಿಯಿತು, ಒರೆಸಿಕೊಳ್ಳಲಿಲ್ಲ. ಅಜ್ಜಿ ಏಳನೆಯ ಮರಿಯನ್ನು ಅದರದೇ ಅರ್ಧ ಚಿಪ್ಪಿನಲ್ಲಿ ಕೂರಿಸಿ, ಹರಿದ ಪೊರೆಯ ಮೇಲೆ ಒದ್ದೆ ಬಟ್ಟೆಯ ತುಂಡು ಹೊದಿಸಿ, ಪೆಟ್ಟಿಗೆಯೊಳಗೆ ಇಟ್ಟಳು. ತಟ್ಟೆಗೆ ಬಿಸಿನೀರು ತುಂಬಿ ಬಾಗಿಲು ಮುಚ್ಚಿದಳು.

"ಇನ್ನೇನು ಮಾಡೋದು ಅಜ್ಜಿ?"

"ಏನೂ ಇಲ್ಲ. ಕೂತ್ಕೊ."

ಕುಳಿತಳು. ಕೈ ಮತ್ತೆ ಮತ್ತೆ ಬಾಗಿಲ ಹಿಡಿಗೆ ಹೋಗುತ್ತಿತ್ತು. ಅದಕ್ಕೆ ಎರಡೂ ಕೈಯನ್ನು ತೊಡೆಯ ಕೆಳಗೆ ಹಾಕಿಕೊಂಡು ಅದರ ಮೇಲೆ ಕುಳಿತಳು. ಹುಡುಗರು ಗೋಡೆಗೆ ಒರಗಿ ನಿಂತಿದ್ದರು. ಒಂದು ಗಂಟೆಗೆ ಮೂರನೆಯದು ಹೊರಗೆ ಬಿತ್ತು. ಯಾರೂ ಕೂಗಲಿಲ್ಲ. ಆಮೇಲೆ ಹತ್ತನೆಯದು, ಒಂದನೆಯದು, ಎಂಟನೆಯದು, ಹೀಗೆ ಒಂದೊಂದಾಗಿ ಇನ್ನಷ್ಟು. ಒದ್ದೆ ಉಂಡೆಗಳು ಎದ್ದು ಬಿದ್ದು ಒಂದರ ಮೇಲೊಂದು ಹತ್ತಿದವು. ಏಳನೆಯದರ ಮೇಲಿನ ಬಟ್ಟೆ ಏರಿ ಇಳಿಯುತ್ತಿತ್ತು. ನಾಲ್ಕು ಗಂಟೆಯವರೆಗೂ ಏರಿ ಇಳಿಯಿತು. ಆಮೇಲೆ ಇಲ್ಲ.

ಗಡಿಬಿಡಿ ಅಳುತ್ತಾಳೆ ಎಂದು ಅಜ್ಜಿ ಕಾದಳು. ಅವಳು ಅಳಲಿಲ್ಲ. "ಅದು ತಾನಾಗಿ ಬರ್ತಿತ್ತು ಅಲ್ವಾ ಅಜ್ಜಿ?" ಎಂದು ಕೇಳಿದಳು.

"ಬರ್ತಿತ್ತೇನೋ. ಅಷ್ಟು ಕಾವು ತಿಂದ ಮೇಲೆ ಬರದೆಯೂ ಇರಬಹುದಿತ್ತು. ಅದು ನಮಗೆ ಗೊತ್ತಾಗೋ ವಿಷಯ ಅಲ್ಲ." ಅಜ್ಜಿ ಅವಳ ತಲೆಯ ಮೇಲೆ ಕೈಯಿಟ್ಟಳು. "ಕೂಗಿದೆಯಲ್ಲ, ಅದರಿಂದ ಉಳಿದವು ಉಳಿದವು. ಅದು ನನಗೆ ಗೊತ್ತು."

ಐದಕ್ಕೆ ದರ್ಜಿ ಬಂದರು. ಕತ್ತಿನಲ್ಲಿ ಅಳತೆಯ ಪಟ್ಟಿ, ಕೈಯಲ್ಲಿ ಬಣ್ಣಬಣ್ಣದ ಚಿಂದಿ ಹಾಸಿದ ಒಂದು ರಟ್ಟಿನ ಪೆಟ್ಟಿಗೆ. "ಹೇಗಿದೆ ನಮ್ಮ ದೊರೆಸಾನಿ ಸಂಸಾರ?" ಎನ್ನುತ್ತಲೇ ಒಳಗೆ ಬಂದರು. ಅಜ್ಜಿ ಮೊಮ್ಮಗಳತ್ತ ನೋಡಿದಳು, ಅಷ್ಟೆ.

"ಎಂಟು ಬಂದಿವೆ ದರ್ಜಿ ಮಾಮ" ಎಂದಳು ಗಡಿಬಿಡಿ. "ನಾಲ್ಕು ಹೋದವು, ಮೂರು ಚಿಪ್ಪಿನೊಳಗೇ. ನನ್ನಿಂದ. ನಾನು ಕಾವು ಹೆಚ್ಚು ಮಾಡಿದೆ. ಪಂದ್ಯಕ್ಕೆ."

ದರ್ಜಿ ಅಳತೆಪಟ್ಟಿಯ ಎರಡೂ ತುದಿ ಹಿಡಿದು ನಿಂತರು.

"ಆ ಹುಂಜ ನಮ್ಮನೇಲಿ ಒಂಬತ್ತು ವರ್ಷ ಇತ್ತಮ್ಮ" ಎಂದರು ಕೊನೆಗೆ. "ಬೆಳಿಗ್ಗೆ ನಾನು ಮಿಷನ್ ತುಳಿಯೋಕೆ ಕೂತ್ರೆ ಬಂದು ಪೆಡಲ್ ಪಕ್ಕ ಕೂರ್ತಿತ್ತು. ಈ ಮೊಟ್ಟೆ ಬಿಟ್ರೆ ಅದರದ್ದು ಅಂತ ಏನೂ ಇಲ್ಲ."

"ಗೊತ್ತು ಮಾಮ."

"ಗೊತ್ತಿದ್ದೂ ಮಾಡಿದೆಯಾ?"

"ಮಾಡುವಾಗ ಗೊತ್ತಿರಲಿಲ್ಲ. ಮಾಡಿದ ಮೇಲೆ ಗೊತ್ತಾಗುತ್ತೆ ನನಗೆ. ಯಾವಾಗ್ಲೂ ಹಾಗೇ."

ಆ ಮಾತು ಕೇಳಿ ದರ್ಜಿಯ ಮುಖದ ಗಂಟು ಒಂದು ಎಳೆ ಸಡಿಲವಾಯಿತು. ಸಿಟ್ಟು ಹೋಯಿತೆಂದಲ್ಲ. ಎಂಟು ಮರಿಗಳನ್ನು ಒಂದೊಂದಾಗಿ ಎತ್ತಿ ಚಿಂದಿಯ ಮೇಲಿಟ್ಟರು. ಒಂದರ ಕಾಲ್ಬೆರಳು ಸೊಟ್ಟಗೆ ಮಡಚಿಕೊಂಡಿತ್ತು, ಅದನ್ನು ಸ್ವಲ್ಪ ಹೆಚ್ಚು ಹೊತ್ತು ಹಿಡಿದುಕೊಂಡರು. "ಭಾನುವಾರ ಭಾನುವಾರ ಬಂದು ಗೂಡು ತೊಳಿ" ಎಂದರು ಹೊರಡುವಾಗ. "ಗಂಡುಮರಿ ಇದೆಯೋ ಇಲ್ವೋ ಗೊತ್ತಾಗೋಕೆ ಇನ್ನೂ ಎರಡು ತಿಂಗಳು ಬೇಕು. ಅಲ್ಲಿವರೆಗೂ ಬಾ. ನನ್ನ ಜೊತೆ ನೀನೂ ಕಾಯಿ."

ಸಂಜೆ ಅಮ್ಮ ಬಂದಾಗ ವಿಸಿಲ್ ಮೊಳೆಯಲ್ಲಿರಲಿಲ್ಲ. ಬ್ಯಾಂಕು ಅದನ್ನು ಕಿಟಕಿಯ ಕಟ್ಟೆಯ ಮೇಲೆ ಇಟ್ಟು ಹೋಗಿದ್ದ. ಪಕ್ಕದಲ್ಲಿ ಕಂಪಾಸು ಪೆಟ್ಟಿಗೆ, ಕೊಡೆ, ಬೂಟು. ಗಡಿಬಿಡಿ ಒಂದನ್ನೂ ಮುಟ್ಟಿರಲಿಲ್ಲ. ತಾನೇ ಅಮ್ಮನ ಕೈ ಹಿಡಿದು ಕರೆತಂದು ತೋರಿಸಿದಳು, ಮೂರನೆಯ ಸಲ ಅದೇ ಕಥೆ ಹೇಳಿದಳು. ಅಪ್ಪ ಬಾಗಿಲಲ್ಲೇ ನಿಂತು ಕೇಳಿ, ಬೂಟಿನ ಧೂಳು ಕೊಡವಿ ಒಳಗಿಟ್ಟ. ಅಮ್ಮ ಖಾಕಿ ಅಂಗಿಯ ತುದಿಯಿಂದ ವಿಸಿಲ್ ಒರೆಸಿದಳು.

"ಇದನ್ನ ಊದಿದ್ರೆ ಅಷ್ಟು ದೊಡ್ಡ ಬಸ್ಸು ನಿಲ್ಲುತ್ತೆ" ಎಂದಳು. "ನಿನಗೆ ಏನು ಊದಬೇಕು ಹೇಳು ಮಗಾ. ನಂಗೆ ಗೊತ್ತಿಲ್ಲ."

"ನಂಗೂ ಗೊತ್ತಿಲ್ಲಮ್ಮ" ಎಂದು ಆಗ ಅತ್ತಳು ಹುಡುಗಿ.

ಗೊತ್ತಿಲ್ಲ ಎಂದು ಇಬ್ಬರೂ ಒಪ್ಪಿಕೊಂಡದ್ದು ಒಳ್ಳೆಯದೇ ಆಯಿತು. ಮುಂದಿನ ವಾರ ಅಮ್ಮ ರಜೆ ಹಾಕಿ, ಇಂಥ ಮಕ್ಕಳ ಜೊತೆ ಮಾತಾಡಿಯೇ ದಾರಿ ತೋರಿಸುವ ಒಬ್ಬ ಡಾಕ್ಟರಮ್ಮನ ಹತ್ತಿರ ಅವಳನ್ನು ಕರೆದೊಯ್ದಳು. ಆಕೆ ಬೈಯಲಿಲ್ಲ, ಬುದ್ಧಿಯನ್ನೂ ಹೇಳಲಿಲ್ಲ. ನವೆ ಬಂದಾಗ ಅದನ್ನು ಯಾರಿಗಾದರೂ ಬಾಯಿಬಿಟ್ಟು ಹೇಳು, ಹತ್ತು ನಿಮಿಷ ಕೈಗೆ ಬೇರೆ ಕೆಲಸ ಕೊಡು ಎಂದಳು. ಪ್ರತಿ ಮಂಗಳವಾರ ಹೋಗುವುದು ರೂಢಿಯಾಯಿತು.

ಆದರೆ ಮರಿಕೋಣೆಯಲ್ಲಿ ಅಜ್ಜಿ ಅವಳನ್ನು ಏನೂ ಕೇಳುತ್ತಿರಲಿಲ್ಲ. ಭೂತಗನ್ನಡಿ ಹಿಡಿದು, ಒಂದು ಕಣ್ಣು ಮುಚ್ಚಿ, ಗಾಜಿಗೆ ಹಣೆ ತಾಗಿಸಿ ತಾನೇ ಹೆಣಗಾಡುತ್ತಿದ್ದಳು. ಗಡಿಬಿಡಿ ಬಾಗಿಲಲ್ಲಿ ನಿಂತು ಅದನ್ನು ನೋಡುತ್ತಿದ್ದಳು. ಅಪ್ಪನ ಬೈಗುಳ, ದರ್ಜಿಯ ಗೂಡು ಎಲ್ಲವನ್ನೂ ತಡೆದುಕೊಂಡಳು. ಇದನ್ನು ತಡೆಯಲು ಆಗಲಿಲ್ಲ. ಆದರೂ ಕೇಳಲಿಲ್ಲ. ಕೇಳುವುದಕ್ಕೂ ಒಂದು ಗಡುವು ಇರುತ್ತದೆಂದು ಅವಳಿಗೆ ಹೇಗೋ ತಿಳಿದಿತ್ತು.

ಹದಿನೇಳು ದಿನವಾಯಿತು. ಹಾಲಿನವಳು ಹದಿನಾರು ಮೊಟ್ಟೆ ತಂದುಕೊಟ್ಟಳು. ಅವನ್ನು ಚಿಕ್ಕ ಪೆಟ್ಟಿಗೆಗೆ ಇಟ್ಟ ಸಂಜೆ, ಒಳಗಿನಿಂದ ದನಿ ಬಂತು.

"ಎಷ್ಟಿದೆ ನೋಡೇ?"

ಗಡಿಬಿಡಿ ನಡೆದು ಹೋಗಿ ನೋಡಿದಳು. "ಮೂವತ್ತೇಳು. ಅರ್ಧ ಕಡಿಮೆ ಇದೆ ಅಜ್ಜಿ."

ಅಜ್ಜಿ ಭೂತಗನ್ನಡಿ ಹಿಡಿದು ಬಂದು ತಾನೂ ನೋಡಿದಳು. "ಹೌದು" ಎಂದಳು.

"ನಂಬಿಕೆ ಬರಲಿಲ್ವಾ?"

"ಬರದಿದ್ರೆ ಕೇಳ್ತಿದ್ನಾ? ನೀನೂ ನೋಡು, ನಾನೂ ನೋಡ್ತೀನಿ. ಪೊರೆ ಬಂದ ಕಣ್ಣು ಒಂದು, ಗಡಿಬಿಡಿ ಕಣ್ಣು ಒಂದು. ಎರಡೂ ಸೇರಿದ್ರೆ ಒಂದು ಒಳ್ಳೆ ಕಣ್ಣಾಗುತ್ತೆ."

ಅಂದಿನಿಂದ ದಿನಕ್ಕೆ ಮೂರು ಸಲ ಹುಡುಗಿ ಹೇಳುವಳು, ಅಜ್ಜಿ ನೋಡಿ "ಹೌದು" ಎನ್ನುವಳು. ಒಂದು ಹೌದಿನಿಂದ ಇನ್ನೊಂದು ಹೌದಿನವರೆಗೆ ಗಡಿಬಿಡಿಯ ದಿನ ಸಾಗುತ್ತಿತ್ತು. ಶಾಲೆಯ ದಾರಿಯಲ್ಲಿ ಕಾರು ಹೋದರೆ ಮನಸ್ಸು ಈಗಲೂ 'ಬೆಸ' ಎನ್ನುತ್ತಿತ್ತು. ಒಮ್ಮೆ ಆಡಿಯೂಬಿಟ್ಟಳು, ಒಂದು ರಬ್ಬರು ಹೋಯಿತು. ಆ ಸಂಜೆಯೇ ಅಜ್ಜಿಗೆ ಹೇಳಿದಳು. "ರಬ್ಬರು ತಾನೇ, ಹೋಗಲಿ. ಹೇಳಿದ್ದು ಉಳೀತು" ಎಂದಳು ಅಜ್ಜಿ.

ಹಾಲಿನವಳ ಮೊಟ್ಟೆಗಳ ಇಪ್ಪತ್ತೊಂದನೆಯ ದಿನ ಅಜ್ಜಿ ಮೊಮ್ಮಗಳು ಇಬ್ಬರೂ ಪೆಟ್ಟಿಗೆಯ ಮುಂದೆ ಕುಳಿತರು. ಒಡಕುಗಳು ಮೂಡಿದ್ದವು, ಒಳಗಿನಿಂದ ಮಾತುಕತೆ ಕೇಳುತ್ತಿತ್ತು. ಗಡಿಬಿಡಿ ಕೈಗಳ ಮೇಲೆ ಕುಳಿತಿದ್ದಳು.

"ಅಜ್ಜಿ, ನನ್ನ ಮನಸ್ಸು ಹನ್ನೊಂದು ಅಂತಿದೆ."

"ಅನ್ನಲಿ ಬಿಡು. ತಟ್ಟೆಯಲ್ಲಿ ನೀರು ಕಡಿಮೆ ಆಗಿರೋ ಹಾಗಿದೆ, ಬಾಗಿಲು ತೆಗೀದೆ ಹೊರಗಿನ ಕೊಳವೆಯಲ್ಲಿ ಬಿಡು. ಎಷ್ಟಿದೆ ಅಂತಲೂ ನೋಡು."

ಗಡಿಬಿಡಿ ಎದ್ದಳು. ಬೆಚ್ಚಗಿನ ನೀರು ತಂದು, ಹೊರಗಿನ ಕೊಳವೆಯಲ್ಲಿ ಹನಿಹನಿಯಾಗಿ ಬಿಟ್ಟು, ಚೆಲ್ಲಿದ್ದನ್ನು ಒರೆಸಿ, ಬಗ್ಗಿ ಗೆರೆ ನೋಡಿ "ಮೂವತ್ತೇಳೂವರೆ" ಎಂದಳು. ಅಜ್ಜಿ ಭೂತಗನ್ನಡಿ ಹಿಡಿದು "ಹೌದು" ಎಂದಳು. ಮತ್ತೆ ಕುಳಿತು ನೋಡುವಷ್ಟರಲ್ಲಿ ಗಾಜಿನ ಹಿಂದೆ ನಾಲ್ಕು ಮರಿಗಳು ಒದ್ದೆ ಮೈಯಲ್ಲಿ ತೂರಾಡುತ್ತಿದ್ದವು.

ಸೋಮವಾರ ಶಾಲೆಯ ಗೇಟಿನಲ್ಲಿ ಬ್ಯಾಂಕು ಸಿಕ್ಕ. ಚೀಲ ಖಾಲಿಯಾಗಿ ಜೋತಾಡುತ್ತಿತ್ತು. "ಬಂದ್ವಂತಲ್ಲ ಮರಿ?" ಎಂದು ಕೇಳಿ, ಸ್ವಲ್ಪ ಹಿಂಜರಿದು, ದನಿ ತಗ್ಗಿಸಿದ. "ಸುಮ್ನೆ ಕೇಳ್ತೀನಿ, ಪಂದ್ಯಕ್ಕಲ್ಲ. ಯಾವುದು ಮೊದಲು ಬಂತು?"

ಗಡಿಬಿಡಿ ಯೋಚಿಸಿದಳು. ನಿಜವಾಗಿಯೂ ನೆನಪಿಸಿಕೊಳ್ಳಲು ನೋಡಿದಳು.

"ನೋಡ್ಲಿಲ್ಲ ಕಣೋ" ಎಂದಳು. "ನೀರು ಹಾಕ್ತಿದ್ದೆ."